ಆಟಿಯ ಬಾಣಂತಿ

ಗಾಜಿನ ಬಳೆಗಳು ಕಿಟಕಿಯ ಸರಳಿಗೆ ತಾಗುವ ಸದ್ದು. ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಸರಳು ಹಿಡಿಯುತ್ತ ಮಮತಾ ನನ್ನ ವರಾಂಡದ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಪ್ರತಿ ಸರಳಿಗೂ ಒಂದು ಸಣ್ಣ ಛಿಣ್. ನಡುವೆ ಗೋಡೆ ಬಂದಾಗ ಸದ್ದು ನಿಂತು, ಎರಡನೇ ಕಿಟಕಿ ಬಂದಾಗ ಮತ್ತೆ ಶುರುವಾಗುತ್ತಿತ್ತು. ಒಳಗೆ ಪೇಪರ್ ಓದುತ್ತ ಕೂತ ನನಗೆ ಕಣ್ಣೆತ್ತದೆಯೇ ಅವಳು ಎಲ್ಲಿ ತಲುಪಿದ್ದಾಳೆ ಎಂದು ಗೊತ್ತಾಗುತ್ತಿತ್ತು.

ಮೊನ್ನೆ ಬಿ.ಪಿ. ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಕಾರಿಡಾರಿನಲ್ಲಿ ತುಂಬು ಬಸುರಿಯೊಬ್ಬಳು ಕಬ್ಬಿಣದ ಕಂಬಿ ಹಿಡಿದು ನಿಧಾನ ನಡೆಯುತ್ತಿದ್ದಳು, ಸೀಮಂತದ ಹಸಿರು ಬಳೆ ಕೈತುಂಬ. ಅದೇ ಸದ್ದು. ನನ್ನ ಬಿ.ಪಿ. ನೋಡಿದ ಡಾಕ್ಟರು, "ಟೀಚರ್, ಮಾತ್ರೆ ಬಿಟ್ಟಿದ್ದೀರಾ?" ಎಂದು ಗದರಿದರು. ಬಿಟ್ಟಿರಲಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಕೂತೆ. ಹೆಸರುಗಳನ್ನು ಬದಲಿಸಿದ್ದೇನೆ. ಓದಿದವರು ಇವರು ಯಾರು ಎಂದು ಹುಡುಕಲು ಹೋಗಬಾರದು.

ನಾನು ಪುತ್ತೂರಿನಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದವಳು. ನನ್ನನ್ನು ಕಾನ್ವೆಂಟಿನ ಸಿಸ್ಟರುಗಳು ಬೆಳೆಸಿದರು, ನಾನು ಊರಿನ ಹೆಣ್ಣುಮಕ್ಕಳನ್ನು ಬೆಳೆಸಿದೆ. ಮದುವೆ ಎಂಬುದು ಹೇಗೋ ಆಗದೇ ಉಳಿಯಿತು. ಮಮತಾ ನನ್ನ ಸ್ಟೂಡೆಂಟ್, ಜಾಲ್ಸೂರಿನ ಕಡೆಯವಳು. ಕಾಲೇಜಿನಲ್ಲಿರುವಾಗಲೇ ಅಮ್ಮ ತೀರಿಕೊಂಡರು. ನರಿಮೊಗರಿನಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವಳನ್ನು ಕಡಬದಿಂದಲೂ ಒಳಗಿನ ಒಂದು ಮನೆಗೆ ಕೊಟ್ಟರು. ಗಂಡ ದಿನೇಶ ಕರೆಂಟಿನ ಲೈನ್‌ಮ್ಯಾನ್. ಮನೆಯಲ್ಲಿ ಅವನ ತಾಯಿ ಕಮಲಕ್ಕ. ಬೀಡಿ ಕಟ್ಟಿ ಒಬ್ಬನೇ ಮಗನನ್ನು ಸಾಕಿದ ಹೆಂಗಸು.

ಕೆಲವು ವರ್ಷಗಳ ಹಿಂದಿನ ಆ ಮಳೆಗಾಲದಲ್ಲಿ ಮಮತಾ ಫೋನ್ ಮಾಡಿದಳು.

"ಟೀಚರ್, ಮಗು ಅಡ್ಡ ಮಲಗಿದೆ ಅಂತೆ. ತಿರುಗುದೇ ಇಲ್ಲ. ಸಿಸೇರಿಯನ್ನೇ ಅಂತ ಹೇಳಿದ್ರು. ಆಸ್ಪತ್ರೆಯ ಹತ್ತಿರವೇ ಇರ್ಬೇಕಂತೆ."

ಅವರ ಮನೆಯ ದಾರಿಯಲ್ಲಿ ಒಂದು ಮರ ಬಿದ್ದರೆ ಆ ದಿನದ ಬಸ್ಸು ಮುಗಿಯಿತು. ನನ್ನ ಮನೆಯೋ ಆಸ್ಪತ್ರೆಯ ಕೆಳಗಿನ ತಿರುವಿನಲ್ಲಿ. ಅವಳು ಇನ್ನೂ ಏನೋ ಕೇಳಲಿಕ್ಕೆ ನಾಚುತ್ತಿದ್ದಳು. ಕೊನೆಗೆ ಬಾಯಿಬಿಟ್ಟಳು: "ನಿಮ್ಮಲ್ಲಿ ಕಮೋಡ್ ಉಂಟಲ್ಲ ಟೀಚರ್? ಸ್ಟಿಚ್ ಹಾಕಿದ ಮೇಲೆ ನಮ್ಮಲ್ಲಿ ಕೂತು ಏಳುದು ಹೇಗೆ ಅಂತ."

"ಮೈ ಡಿಯರ್ ಗರ್ಲ್, ನನ್ನ ಮೊಣಕಾಲಿಗಾಗಿ ಹಾಕಿಸಿದ್ದು ನಿನಗೂ ಆಗ್ತದೆ. ಬಾ."

ಅವಳನ್ನು ಕರೆತಂದದ್ದು ಕಮಲಕ್ಕ. ಒಂದು ಕೈಯಲ್ಲಿ ಸೊಸೆ, ಇನ್ನೊಂದರಲ್ಲಿ ಚೀಲ. ಚೀಲದಲ್ಲಿ ಜೀರಿಗೆ, ಓಮ, ಕಾಳುಮೆಣಸು, ಒಣಶುಂಠಿ, ಓಲೆಬೆಲ್ಲ. ಬಾಣಂತಿ ಮದ್ದಿನ ಸಾಮಾನೆಲ್ಲ ಮೊದಲೇ ಬಂದಾಗಿತ್ತು. ಬಾಣಂತಿಯನ್ನೇ ಕಂಡಿರದ ನನ್ನ ಅಡುಗೆಮನೆಯನ್ನು ಅವರು ಒಮ್ಮೆ ಸುತ್ತ ನೋಡಿದರು.

"ಟೀಚರ್, ನಿಮ್ಮಲ್ಲಿ ಕುಟ್ಟಾಣಿ ಉಂಟಾ, ಅಲ್ಲ ಬರೀ ಪುಸ್ತಕವಾ?"

"ಮಿಕ್ಸಿ ಉಂಟು."

"ಮಿಕ್ಸಿ!" ಎಂದರು, ನಾನೇನೋ ಬೇಡದ ಮಾತು ಹೇಳಿದ ಹಾಗೆ. ಆಮೇಲೆ ಮಮತಾಳ ಹೊಟ್ಟೆಯತ್ತ ಕೈ ತೋರಿಸಿ, "ಇದು ಅಡ್ಡ ತಿರುಗಿದ್ದೇ ನಿಮ್ಮ ಇಂಗ್ಲಿಷಿಗೆ ಹೆದರಿ. ಫೋನಲ್ಲಿ ಇವಳ ಹತ್ತಿರ ಎಷ್ಟು ಮಾತಾಡ್ತೀರಿ ಮಾರಾಯ್ರೆ!"

"ಅಲ್ಲ ಅತ್ತೆ, ನಿಮ್ಮ ಮಗನ ಹಾಗೆ ಸೋಮಾರಿ. ಸಿಕ್ಕಿದಲ್ಲಿ ಅಡ್ಡ ಬೀಳುದು" ಎಂದಳು ಮಮತಾ. ಕಮಲಕ್ಕ ಹೊಟ್ಟೆ ಹಿಡಿದು ನಕ್ಕರು. ಅತ್ತೆ ಸೊಸೆ ಹಾಗೆ ಇದ್ದರು. ಅದನ್ನು ಮೊದಲೇ ಹೇಳಿಬಿಡಬೇಕು.

ಹುಟ್ಟುವ ಮೊದಲು ಮಗುವಿಗೆ ಹೊಸ ಬಟ್ಟೆ ತರಬಾರದು ಎಂದು ಕಮಲಕ್ಕ. ಅದಕ್ಕೆ ನನ್ನ ಹಳೆಯ ವಾಯಿಲ್ ಸೀರೆಗಳನ್ನು ಹರಿದು, ಬಿಸಿನೀರಿನಲ್ಲಿ ಕುದಿಸಿ, ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆವು. ಆ ಮಳೆಯಲ್ಲಿ ಹೊರಗೆ ಒಣಗುವ ಮಾತೇ ಇರಲಿಲ್ಲ. ಮುಂದೆ ಬಟನ್ ಇರುವ ನೈಟಿ, ಥರ್ಮಾಸ್, ರಕ್ತ ಕೊಡುತ್ತೇವೆಂದ ದಿನೇಶನ ಸಂಗಡಿಗರ ಫೋನ್ ನಂಬರ್, ಎಲ್ಲ ರೆಡಿ. ಉಳಿದದ್ದು ದಿನ ಮಾತ್ರ.

ಡಾಕ್ಟ್ರಮ್ಮ ಕೊಟ್ಟ ದಿನ ಆಟಿಯ ಕೊನೆಯ ವಾರದಲ್ಲಿ ಬಂತು. ಇಲ್ಲಿಯವರಿಗೆ ಹೇಳಬೇಕಾಗಿಲ್ಲ: ಆಟಿ ಎಂದರೆ ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕದ ಮಳೆಯ ತಿಂಗಳು. ಸಿಂಹ ಸಂಕ್ರಮಣಕ್ಕೆ ಅದು ಕಳೆದು ಸೋಣ ತಿಂಗಳು ಹುಟ್ಟುತ್ತದೆ. ಕಮಲಕ್ಕನ ಮುಖದ ನಗು ಅಲ್ಲಿಗೇ ಆರಿತು.

"ತಾನಾಗಿ ಹೆರಿಗೆ ಆದ್ರೆ ಯಾವ ದಿನ ಆದ್ರೂ ದೇವರ ಇಷ್ಟ. ನಾವೇ ದಿನ ಹೇಳಿ ಕೊಯ್ಸುವಾಗ ಆಟಿಯಲ್ಲಿ ಯಾಕೆ ಟೀಚರ್? ಸಂಕ್ರಮಣ ಇಲ್ಲೇ ಉಂಟಲ್ಲ."

"ನಾನ್ಸೆನ್ಸ್, ಕಮಲಕ್ಕ. ಮಗುವಿಗೆ ಕ್ಯಾಲೆಂಡರ್ ಗೊತ್ತುಂಟಾ?"

"ಗೊತ್ತಿಲ್ಲ. ಅದಕ್ಕೇ ದೊಡ್ಡವರು ಇರುದು."

ನಾನು ವಾದಿಸಿದೆ. ಮಮತಾಳಿಗೂ ಡಾಕ್ಟ್ರಮ್ಮನ ದಿನವೇ ಬೇಕಿತ್ತು. ಕಮಲಕ್ಕ ಮಾತ್ರ ಸೋಫಾದ ತುದಿಯಲ್ಲಿ ಕೈ ಮುಗಿದ ಹಾಗೆ ಕೂತು, "ಆಟಿಯಲ್ಲಿ ಬೇಡ ಮಗಾ, ಆಟಿಯಲ್ಲಿ ಬೇಡ" ಎನ್ನುತ್ತಿದ್ದರು. ಇಷ್ಟು ಗಟ್ಟಿ ಹೆಂಗಸು ಇದೊಂದಕ್ಕೆ ಯಾಕೆ ಹೀಗೆ ನಡುಗುತ್ತಾಳೆ ಎಂದು ನನಗೆ ಆಶ್ಚರ್ಯವಾಯಿತು. ಸಂಜೆ ಅವರು ಬಸ್ಸಿಗೆ ಹೋದ ಮೇಲೆ ಮಮತಾ ವರಾಂಡದಲ್ಲಿ ನಿಂತು ಹೇಳಿದಳು: "ಮದುವೆಯಾಗಿ ಬಂದ ಮೇಲೆ ಅತ್ತೆ ನನ್ನ ಹತ್ತಿರ ಎಂತದೂ ಕೇಳಿದ್ದಿಲ್ಲ ಟೀಚರ್. ಇದೊಂದು ಕೇಳಿದ್ದು."

ಡಾಕ್ಟ್ರಮ್ಮ ಮನಸ್ಸಿಲ್ಲದೆ ಒಪ್ಪಿದರು. ಸಂಕ್ರಮಣದ ಮರುದಿನ ಬೆಳಿಗ್ಗೆ ಮೊದಲ ಕೇಸ್. ಅಷ್ಟರೊಳಗೆ ನೀರು ಹೋದರೆ ಒಂದು ಕ್ಷಣ ಕಾಯಬಾರದು, ಕೂರಿಸಬಾರದು, ಮಲಗಿಸಿಯೇ ತರಬೇಕು.

ಆ ಕಾಯುವ ದಿನಗಳಲ್ಲಿ ನಾವು ಖುಷಿಯಾಗಿದ್ದೆವು ಎಂದು ಬರೆಯಲು ನನಗೆ ಸಂಕಟವಾಗುತ್ತದೆ. ಆದರೆ ಖುಷಿಯಾಗಿಯೇ ಇದ್ದೆವು. ಮಳೆ ಹಂಚಿನ ಮೇಲೆ ಬಿದ್ದು ಬಿದ್ದು ಮನೆಯೊಳಗಿನ ಮಾತೇ ಕೇಳುತ್ತಿರಲಿಲ್ಲ. ಕರೆಂಟು ಹೋದ ಕೂಡಲೇ ಅವಳು, "ನಿಮ್ಮ ಅಳಿಯನಿಗೆ ಡ್ಯೂಟಿ ಬಂತು ಟೀಚರ್" ಎನ್ನುತ್ತಿದ್ದಳು. ದಿನೇಶ ಎಲ್ಲೋ ಬಿದ್ದ ಮರದ ಹತ್ತಿರದಿಂದ ಫೋನ್ ಮಾಡಿ, "ಸೊಂಟ ನೋವುಂಟಾ? ತಿಂದ್ಯಾ?" ಎಂದು ಕೂಗುತ್ತಿದ್ದ. ಅವಳು ನನ್ನ ಮಂಚದಲ್ಲಿ ಎಡಕ್ಕೆ ಹೊರಳಿ, ಮೊಣಕೈ ಊರಿ, ಕಾಲು ಕೆಳಗೆ ಬಿಟ್ಟು ಏಳುವುದನ್ನು ಪ್ರಾಕ್ಟೀಸ್ ಮಾಡುತ್ತಿದ್ದಳು. ಹೊಲಿಗೆ ಹಾಕಿದ ಮೇಲೆ ಹಾಗೆಯೇ ಏಳಬೇಕೆಂದು ನರ್ಸ್ ಕಲಿಸಿದ್ದಳು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಹಿಡಿಯಬೇಕು. ಅದನ್ನೂ ಮಾಡಿ ತೋರಿಸಿ ನಗುತ್ತಿದ್ದಳು.

ಸಂಕ್ರಮಣದ ಹಿಂದಿನ ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದೆ. ಹೊರಗೆ ಬಳೆಯ ಸದ್ದು ಮೊದಲ ಕಿಟಕಿ ದಾಟಿತು. ಗೋಡೆಯ ಹತ್ತಿರ ನಿಂತಿತು. ಎರಡನೇ ಕಿಟಕಿಗೆ ಬರಲಿಲ್ಲ.

"ಟೀಚರ್..."

ನೀರು ಹೋಗಿತ್ತು. ಪಕ್ಕದ ಮನೆಯವನ ರಿಕ್ಷಾದಲ್ಲಿ ಮಲಗಿಸಿ, ಸೊಂಟದಡಿ ದಿಂಬು ಕೊಟ್ಟು, ತಲೆ ನನ್ನ ಮಡಿಲಲ್ಲಿಟ್ಟುಕೊಂಡು ಹೋದೆ. ಒಂದು ತಿರುವು, ಒಂದು ಏರು, ಅಷ್ಟೇ ದಾರಿ. ನರ್ಸ್ ನೋಡಿದವಳೇ "ಕಾರ್ಡ್! ಕಾರ್ಡ್!" ಎಂದು ಕೂಗಿದಳು. ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಹೊರಗೆ ಬಂದಿತ್ತು. ಸ್ಟ್ರೆಚರ್ ಓಡಿತು. ಬಳೆ ತೆಗೆಯಲು ಸಮಯವಿರಲಿಲ್ಲ. ಓಡುತ್ತಲೇ ಯಾರೋ ಬಳೆಗಳ ಮೇಲೆಯೇ ಬ್ಯಾಂಡೇಜ್ ಸುತ್ತಿದರು. ಸದ್ದು ನಿಂತುಹೋಯಿತು. ಬಾಗಿಲು ಮುಚ್ಚಿತು.

ನಾನು ಫೋನ್ ಮಾಡಿದ ಮೇಲೆ ಕಮಲಕ್ಕ ಯಾರದೋ ಜೀಪಿನಲ್ಲಿ ಬಂದು ತಲುಪುವುದಕ್ಕೂ ಡಾಕ್ಟ್ರಮ್ಮ ಹೊರಗೆ ಬರುವುದಕ್ಕೂ ಸರಿಯಾಯಿತು. ಅವರು ನಮ್ಮ ಪಕ್ಕ ಬೆಂಚಿನಲ್ಲಿ ಕೂತರು. ಡಾಕ್ಟರುಗಳು ಬಂದು ಹಾಗೆ ಕೂತರೆ ಮತ್ತೆ ಮಾತು ಬೇಕಾಗುವುದಿಲ್ಲ. ತಾಯಿ ಸೇಫ್. ಹೆಣ್ಣುಮಗು. ಎಷ್ಟು ಪ್ರಯತ್ನಿಸಿದರೂ ಉಸಿರಾಡಲಿಲ್ಲ.

"ಮೊನ್ನೆಯೇ ಮಾಡಿದ್ರೆ?" ಕಮಲಕ್ಕ ಕೇಳಿದರು.

"ಅಮ್ಮ, ಈಗ ಅದು ಬೇಡ" ಎಂದರು ಡಾಕ್ಟ್ರಮ್ಮ.

ಆಮೇಲೆ ನನ್ನನ್ನು ಮಮತಾಳ ಹತ್ತಿರ ಇರಲು ಒಳಗೆ ಕರೆದರು. ಬಾಗಿಲಿನ ಗಾಜಿನಿಂದ ಕಾಣುತ್ತಿತ್ತು. ನರ್ಸ್ ನನ್ನ ಸೀರೆಯ ತುಂಡಿನಲ್ಲಿ ಸುತ್ತಿದ ಮಗುವನ್ನು ತಂದು ಕಮಲಕ್ಕನ ಮಡಿಲಿಗೆ ಕೊಟ್ಟಳು. ಅವರು ಅದನ್ನು ಎದೆಗೆ ಒತ್ತಿಕೊಂಡು, ಬಗ್ಗಿ, ಬಹಳ ಹೊತ್ತು ಕೂತಿದ್ದರು. ಕಾರಿಡಾರಿನಲ್ಲಿ ಎಲ್ಲರೂ ಸುತ್ತು ಹಾಕಿ ನಡೆಯುತ್ತಿದ್ದರು. ದಿನೇಶ ಬಂದ, ಮಳೆಕೋಟಿನಿಂದ ನೀರು ಸುರಿಯುತ್ತಿತ್ತು, ಹೆಲ್ಮೆಟ್ ಕೈಯಲ್ಲೇ ಇತ್ತು. ಮುಖ ನೋಡುತ್ತೀಯಾ ಎಂದು ನರ್ಸ್ ಕೇಳಿರಬೇಕು. ಅವನು ಗೋಡೆಗೆ ಹಣೆ ಕೊಟ್ಟು ಬೇಡವೆಂದು ತಲೆ ಆಡಿಸಿದ. ಮಮತಾಳಿಗೆ ಪೂರ್ತಿ ಎಚ್ಚರ ತಪ್ಪಿಸಿದ್ದರು. ತಾಯಿಗೆ ತೋರಿಸುವುದು ಬೇಡ, ಸಂಜೆಯೊಳಗೆ ಮಣ್ಣು ಮಾಡಬೇಕು ಎಂದು ಬಂದ ಹಿರಿಯರೆಲ್ಲ ಹೇಳಿದರು. ಜೀಪು ಕಡಬಕ್ಕೆ ಹೋಯಿತು.

ಮಮತಾ ಕಣ್ಣು ಬಿಟ್ಟಾಗ ಕೇಳಿದ್ದು, "ಎಂತ ಮಗು ಟೀಚರ್?"

"ಹೆಣ್ಣು."

"ಎಲ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಬೇರೆ ಯಾರದೋ ಮಗು ಅತ್ತಿತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

ಆಪರೇಷನ್ ಆದ ದೇಹಕ್ಕೆ ದುಃಖ ಪಡಲೂ ಪುರುಸೊತ್ತಿಲ್ಲ. ಡ್ರಿಪ್, ಮೂತ್ರದ ಟ್ಯೂಬು, "ಗ್ಯಾಸ್ ಹೋಯ್ತಾ?" ಎಂದು ಗಳಿಗೆಗೊಮ್ಮೆ ಕೇಳುವ ನರ್ಸ್. ಮರುದಿನವೇ ಎಬ್ಬಿಸಿ ನಡೆಸಿದರು. ಎಡಕ್ಕೆ ಹೊರಳಿ, ಮೊಣಕೈ ಊರಿ, ಕಾಲು ಕೆಳಗೆ ಬಿಟ್ಟು. ಕಲಿತದ್ದನ್ನು ಒಂದೂ ತಪ್ಪದೆ ಮಾಡಿದಳು. "ಹೊಟ್ಟೆಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ಸ್ಟಿಚ್ ಮಾತ್ರ ಉಂಟು ಟೀಚರ್" ಎಂದು ಒಮ್ಮೆ ಹೇಳಿದಳು. ಇನ್ನೊಮ್ಮೆ, "ಅತ್ತೆ ನನ್ನ ಹತ್ತಿರ ಬರುದು ಬೇಡ" ಎಂದಳು. ಡಿಸ್ಚಾರ್ಜ್ ಆದಾಗ ಕಡಬಕ್ಕೂ ಹೋಗಲಿಲ್ಲ, ತವರಿನ ಅಣ್ಣನ ಮನೆಗೂ ಹೋಗಲಿಲ್ಲ. ನನ್ನಲ್ಲಿಗೇ ಬಂದಳು.

ಗೇಟಿನ ಹತ್ತಿರ ನೆರೆಯಾಕೆ ಒಬ್ಬಳು ನನ್ನನ್ನು ನಿಲ್ಲಿಸಿ, "ಮಗು ಇಲ್ಲದ ಮೇಲೆ ಬಾಣಂತನ ಎಂತದು ಟೀಚರ್?" ಎಂದಳು. ಕೆಟ್ಟವಳಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. "ಶಿ ಹ್ಯಾಸ್ ಗಿವನ್ ಬರ್ತ್" ಎಂದೆ. ಸಿಟ್ಟು ಬಂದಾಗ ನನಗೆ ಕನ್ನಡ ಬರುವುದಿಲ್ಲ.

ಹಾಲು ಬಂತು. ಅದನ್ನು ಯಾರೂ ತಡೆಯಲಿಲ್ಲ, ಮಗು ಇಲ್ಲವೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಎದೆ ಕಲ್ಲಿನ ಹಾಗಾಯಿತು, ನೈಟಿ ತೊಯ್ದು ಹೋಗುತ್ತಿತ್ತು, ಅವಳು ತುಟಿ ಕಚ್ಚಿ ಮಲಗಿರುತ್ತಿದ್ದಳು. ಡಾಕ್ಟ್ರಮ್ಮ ಮಾತ್ರೆ ಕೊಟ್ಟಿದ್ದರು. ಆ ಮಧ್ಯಾಹ್ನ ಅಡುಗೆಮನೆಯ ಹಿಂಬಾಗಿಲಿನಲ್ಲಿ ಕಮಲಕ್ಕ, ಒದ್ದೆ ಕೊಡೆ, ಬಾಳೆಲೆಯ ಕಟ್ಟು. ಬಿಚ್ಚಿದರೆ ಮಲ್ಲಿಗೆ. ಆ ಮಳೆಯಲ್ಲಿ ಎಲ್ಲಿ ಹುಡುಕಿದರೋ.

"ಎದೆಗೆ ಕಟ್ಟಿದ್ರೆ ಹಾಲು ಬತ್ತುತ್ತದೆ. ನಾನು ಕೊಟ್ಟದ್ದು ಅಂತ ಹೇಳ್ಬೇಡಿ."

ನಾನು ಕಟ್ಟಿದೆ. "ಯಾರು ತಂದದ್ದು?" ಎಂದಳು ಮಮತಾ. "ಪೇಟೆಯಿಂದ ತರಿಸಿದೆ" ಎಂದೆ. ಸೀಮಂತಕ್ಕೆ ಜಡೆ ತುಂಬ ಮುಡಿದಿದ್ದ ಹೂವನ್ನು ಈಗ ಬಟ್ಟೆಯೊಳಗೆ ಕಟ್ಟಿಕೊಂಡು ಕಣ್ಣು ಮುಚ್ಚಿದಳು. ಕೋಣೆ ತುಂಬ ಮದುವೆಮನೆಯ ವಾಸನೆ.

ಅಂದಿನಿಂದ ಕಮಲಕ್ಕ ದಿನವೂ ಬೆಳಗಿನ ಬಸ್ಸಿಗೆ ಬಂದರು. ಹಿಂಬಾಗಿಲಿನಿಂದ ಬಂದು, ಕಡಬದಿಂದ ಹೊತ್ತು ತಂದ ಕಲ್ಲಿನ ಕುಟ್ಟಾಣಿಯಲ್ಲಿ ಮದ್ದು ಕುಟ್ಟಿ, ಕಷಾಯ ಕಾಯಿಸಿ, ಹಿತ್ತಿಲಿನ ಹಂಡೆಗೆ ಬೆಂಕಿ ಹಾಕಿ, ಸಂಜೆ ಹಿಂದೆ ಹೋಗುವರು. ಗೀಸರ್ ಇದೆ ಎಂದರೆ, "ಕರೆಂಟಿನ ನೀರಿಗೆ ಬಿಸಿ ಉಂಟು, ಕಾವಿಲ್ಲ" ಎನ್ನುವರು, ಲೈನ್‌ಮ್ಯಾನಿನ ತಾಯಿ! ಒಂದು ಗೋಡೆಯ ಆಚೆ ಸೊಸೆ ಮಲಗಿದ್ದಳು. ಕುಟ್ಟುವ ಸದ್ದು ಅವಳಿಗೆ ಕೇಳುತ್ತಿತ್ತು. ಯಾರು ಕುಟ್ಟುವುದು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಹೊಲಿಗೆ ತೆಗೆದ ಮೇಲೆ ಮೀಯಿಸಬಹುದು ಎಂದಾಯಿತು. ಹೊಟ್ಟೆಯ ಮೇಲೆ ನೀರು ಎರಚಬಾರದು, ಬಿಗಿಯಾಗಿ ಬಟ್ಟೆ ಕಟ್ಟಬಾರದು. ನನ್ನ ಭುಜಕ್ಕೆ ಬಿಂದಿಗೆ ಎತ್ತುವ ಶಕ್ತಿ ಇಲ್ಲ. ಎರಡು ಸಲ ನೀರು ನನ್ನ ಕಾಲಿಗೇ ಚೆಲ್ಲಿತು. ಸ್ಟೂಲಿನ ಮೇಲೆ ಕೂತ ಮಮತಾ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಅತ್ತೆಯನ್ನು ಕರೀರಿ. ಹೊರಗೆ ಇದ್ದಾರಲ್ಲ."

ಕಮಲಕ್ಕ ಸೆರಗು ಸಿಕ್ಕಿಸಿಕೊಂಡು ಬಂದರು. ಒಂದು ಟವೆಲು ಮಡಚಿ ಮಮತಾಳ ಹೊಟ್ಟೆಗೆ ಅಡ್ಡ ಕೊಟ್ಟು, "ಹಿಡ್ಕೊ" ಎಂದರು. ಬೆನ್ನಿಗೆ, ಸೊಂಟಕ್ಕೆ, ಕಾಲಿಗೆ ನೀರು ಬಿದ್ದಿತು. ಹಬೆಯಲ್ಲಿ ಇಬ್ಬರೂ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಬಾಗಿಲಲ್ಲಿ ಒಣಬಟ್ಟೆ ಹಿಡಿದು ನಿಂತಿದ್ದೆ.

"ಅತ್ತೆ, ನೀವು ನೋಡಿದ್ದೀರಲ್ಲ. ಬೇರೆ ಯಾರೂ ನೋಡ್ಲಿಲ್ಲ. ಹೇಗಿತ್ತು?"

ನೀರಿನ ಸದ್ದು ನಿಂತಿತು.

"ಹೇಳಿ. ನಾನು ಹೆತ್ತದ್ದು. ನನಗೆ ಮುಖ ಗೊತ್ತಿಲ್ಲ."

"ಕೂದಲು ತುಂಬಾ ಇತ್ತು ಮಗಾ" ಎಂದರು ಕಮಲಕ್ಕ, ನಿಧಾನವಾಗಿ. "ಹಣೆಯವರೆಗೆ ಕೂದಲು. ಎಡದ ಕಿವಿಯ ತುದಿ ಒಳಗೆ ಮಡಚಿತ್ತು, ಸಣ್ಣ ಎಲೆ ಮಡಚಿದ ಹಾಗೆ. ಗಲ್ಲದಲ್ಲಿ ಒಂದು ಗುಳಿ."

"ಬಣ್ಣ?"

"ಎಣ್ಣೆಗಪ್ಪು. ಕೈ ಮುಷ್ಟಿ ಹಿಡಿದಿತ್ತು. ನಿದ್ದೆ ಮಾಡಿದ ಹಾಗೆಯೇ ಇತ್ತು ಮಗಾ, ನೋವು ತಿಂದ ಮುಖ ಅಲ್ಲ."

ಆಗ ಮಮತಾ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ. ಟವೆಲನ್ನು ಹೊಟ್ಟೆಗೆ ಒತ್ತಿಹಿಡಿದು, ಕೆಮ್ಮಿಗೆ ಕಲಿಸಿದ ಹಾಗೆಯೇ, ಬಾಯಿ ತೆರೆದು ಅತ್ತಳು. ಕಮಲಕ್ಕ ಬೆನ್ನಿಗೆ ನೀರು ಎರೆಯುತ್ತಲೇ ಇದ್ದರು.

ಆಮೇಲೆ ಪ್ರತಿದಿನ ಸ್ನಾನದ ಹೊತ್ತಿಗೆ ಅವಳು ಕೇಳುವುದು, ಅವರು ಹೇಳುವುದು. ಕೂದಲು, ಕಿವಿ, ಗಲ್ಲದ ಗುಳಿ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಮಮತಾ ಊಟ ಮಾಡತೊಡಗಿದಳು. ಹೊಟ್ಟೆ ಹಿಡಿಯದೆ ಎದ್ದು ನಿಂತಳು. ಚೌತಿ ಕಳೆದು ಮಳೆ ಹಿಂದೆ ಸರಿದ ಮೇಲೆ ದಿನೇಶ ಬಂದ. ಅವಳು ತಾನಾಗಿಯೇ ಅತ್ತೆಯ ಕೈ ಹಿಡಿದು ಗೇಟು ದಾಟಿದಳು. ನನ್ನ ಮನೆ ಮತ್ತೆ ಬರೀ ಪುಸ್ತಕದ ಮನೆಯಾಯಿತು.

ಕೆಲವು ವರ್ಷದ ಮೇಲೆ ಇನ್ನೊಂದು ಹುಟ್ಟಿತು, ಅದೂ ಸಿಸೇರಿಯನ್. ಈ ಸಲ ಡಾಕ್ಟ್ರಮ್ಮ ಹೇಳಿದ ದಿನಕ್ಕೇ ಹೋದರು, ಕಮಲಕ್ಕ ತುಟಿ ಬಿಚ್ಚಲಿಲ್ಲ. ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ನಾನೂ ಕಡಬಕ್ಕೆ ಹೋಗಿದ್ದೆ. ಮಗುವಿನ ಎಡಕಿವಿಯ ತುದಿ ಒಳಗೆ ಮಡಚಿತ್ತು. ಮಮತಾ ಬಂದವರಿಗೆಲ್ಲ ತೋರಿಸುತ್ತಿದ್ದಳು: "ನೋಡಿ, ಇವಳ ಅಕ್ಕನಿಗೂ ಹೀಗೇ ಇತ್ತು. ಕೂದಲೂ ಹೀಗೇ." ಹೇಳುವಾಗ ಅವಳ ಮುಖದಲ್ಲಿ ಅಳು ಇರಲಿಲ್ಲ. ಕಮಲಕ್ಕ ಪಾಯಸದ ಪಾತ್ರೆ ಹಿಡಿದು ಬಂದವರು ಹಾಗೆಯೇ ಒಳಗೆ ಹೋದರು.

ಅದಾಗಿ ಸ್ವಲ್ಪ ದಿನಕ್ಕೆ ಅವರು ಒಬ್ಬರೇ ನನ್ನ ಮನೆಗೆ ಬಂದರು. ಕೂತರು, ಎದ್ದರು, ನೀರು ಕುಡಿದರು, ಹೊರಡುತ್ತೇನೆಂದರು. ನಾನು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಅಲ್ಲಿನ ಬೆಂಚಿನಲ್ಲಿ, ಬಸ್ಸುಗಳ ಗದ್ದಲದ ನಡುವೆ, ಕೇಳಿದರು:

"ನಿಮ್ಮ ಇಗರ್ಜಿಯಲ್ಲಿ ಪಾಪ ಹೇಳ್ಲಿಕ್ಕೆ ಒಂದು ಜಾಗ ಉಂಟಲ್ಲ ಟೀಚರ್. ನಮಗೆ ಎಲ್ಲಿ ಉಂಟು?"

"ನಾನು ಪಾದ್ರಿ ಅಲ್ಲ ಕಮಲಕ್ಕ."

"ಆದ್ರೂ ಕೇಳಿ. ಆ ದಿನ ನಾನು ಮುಖ ನೋಡ್ಲಿಲ್ಲ. ಬಟ್ಟೆ ಸರಿಸ್ಲಿಕ್ಕೆ ಕೈ ಬರ್ಲಿಲ್ಲ. ಮಣ್ಣಿಗೆ ಇಡುವಾಗಲೂ ಇಲ್ಲ."

"ಹಾಗಾದ್ರೆ ಆ ಕೂದಲು? ಆ ಕಿವಿ?"

"ಅದು ನನ್ನದ್ದು. ದಿನೇಶನಿಗಿಂತ ಮೊದಲಿನದ್ದು. ಹೆಣ್ಣು. ಆಟಿಯಲ್ಲಿ ಹುಟ್ಟಿದ್ದು, ಆಟಿ ಕಳೆಯುವ ಮೊದಲು ಹೋಯ್ತು." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತಿದ್ದಿಲ್ಲ. ಹೆಸರೇ ಇಟ್ಟಿರ್ಲಿಲ್ಲ ಅಲ್ವಾ. ಈಗ ಮಮತಾ ದಿನಾ ಅವಳ ಕಿವಿ ಹೇಳ್ತಾಳೆ, ಕೂದಲು ಹೇಳ್ತಾಳೆ. ಕೇಳುವಾಗ ನನಗೆ ಖುಷಿ ಆಗ್ತದೆ ಟೀಚರ್. ಅದೇ ಹೆದರಿಕೆ. ಅವಳ ಮಗುವಿನ ಜಾಗದಲ್ಲಿ ನನ್ನದ್ದನ್ನು ಕೂರಿಸಿದೆ. ಹೇಳ್ಬೇಕಾ ಅವಳಿಗೆ?"

ತಪ್ಪು ಉತ್ತರಗಳಿಗೆ ಕೆಂಪು ಗೀಟು ಹಾಕುತ್ತ ಆಯುಷ್ಯ ಕಳೆದವಳು ನಾನು.

"ಬೇಡ" ಎಂದೆ. "ನಿಮ್ಮದೇ ರಕ್ತ ಅಲ್ವಾ ಕಮಲಕ್ಕ. ಆ ಮಗುವಿಗೂ ಹಾಗೇ ಇದ್ದಿರಬಹುದು."

"ಇರಬಹುದು" ಎಂದರು. "ಬಟ್ಟೆ ಸರಿಸಿದ್ರೆ ಗೊತ್ತಾಗ್ತಿತ್ತು."

ಆ ವರ್ಷ ಮುಗಿಯುವ ಮೊದಲೇ ಕಮಲಕ್ಕ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ಹಾಗಾಗಿ ಅವರನ್ನು ಕೊನೆಯದಾಗಿ ನೋಡಿದ್ದು ಆ ದಿನ, ಆ ಬಸ್‌ಸ್ಟ್ಯಾಂಡಿನಲ್ಲೇ. ಕಡಬದ ಬಸ್ಸು ಬಂತು. ಹೆಂಗಸರ ಸೀಟಿನಲ್ಲಿ ಜಾಗವಿರಲಿಲ್ಲ. ಸಣ್ಣ ಮಗು ಎತ್ತಿಕೊಂಡ ಹುಡುಗಿಯೊಬ್ಬಳು ಏಳಲು ನೋಡಿದಳು. ಕಮಲಕ್ಕ ಅವಳ ಭುಜ ಒತ್ತಿ ಕೂರಿಸಿದರು. ಮಗುವಿನ ಮುಖಕ್ಕೆ ಬಿದ್ದಿದ್ದ ಟವೆಲಿನ ತುದಿಯನ್ನು ಎರಡು ಬೆರಳಿನಿಂದ ಎತ್ತಿ, ಬಗ್ಗಿ ನೋಡುತ್ತ ನಿಂತರು. ಬಸ್ಸು ಹೊರಟು ತಿರುವು ದಾಟುವವರೆಗೂ ಹಾಗೆ ನೋಡುತ್ತಲೇ ಇದ್ದರು.